ಸವೆದ ಥ್ರೆಡ್ ಮತ್ತು ಅಹಿಂಸೆಯ ಪ್ರಶ್ನೆ

ಕೊಲ್ಲಬಲ್ಲ ಸಾಧನವೊಂದನ್ನು ದುರಸ್ತಿ ಮಾಡಿಕೊಡುವವನು ಅದರಿಂದ ಮುಂದೆ ಆಗುವ ಹಿಂಸೆಗೆ ಹೊಣೆಗಾರನೇ ಎಂಬ ಪ್ರಶ್ನೆಗೆ ಹಾಸನ ಸೀಮೆಯಲ್ಲಿ ವಿಶೇಷ ತೂಕವಿದೆ. ಅರಕಲಗೂಡಿನ ಕಡೆ ಕಾಡುಪ್ರಾಣಿಗಳ ಹಾವಳಿಗೆ ಅಂಜಿ ಪರವಾನಗಿ ಬಂದೂಕು ಇಟ್ಟುಕೊಂಡ ರೈತರಿದ್ದರೆ, ಅದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವ ಜೈನ ಕ್ಷೇತ್ರ ಶ್ರವಣಬೆಳಗೊಳವಿದೆ.

ಇಂಥ ದುರಸ್ತಿಯ ಒಂದು ಉದಾಹರಣೆ ನೋಡೋಣ: ರೈಫಲ್ಲಿನ ಹಿಡಿಯನ್ನು ಬಿಗಿಯುವ ಬೋಲ್ಟನ್ನು ಓರೆಯಾಗಿ ತಿರುಗಿಸಿದಾಗ ಅಥವಾ ಅಳತೆ ಮೀರಿ ಬಿಗಿದಾಗ ರಂಧ್ರದೊಳಗಿನ ಸುರುಳಿ ಗೀರುಗಳು, ಅಂದರೆ ಥ್ರೆಡ್, ಕಿತ್ತುಹೋಗಿ ಹಿಡಿ ಅಲುಗಾಡತೊಡಗುತ್ತದೆ. ಹಾನಿ ಅಲ್ಪವಾಗಿದ್ದರೆ ಅದೇ ಅಳತೆಯ ಟ್ಯಾಪ್ ಹಾಯಿಸಿ ಗೀರುಗಳನ್ನು ತಿದ್ದುತ್ತಾರೆ; ಥ್ರೆಡ್ ಪೂರ್ತಿ ಹೋಗಿದ್ದರೆ ರಂಧ್ರವನ್ನು ಹಿಗ್ಗಿಸಿ, ಹೊಸ ಥ್ರೆಡ್ ಕೊರೆದು, ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸಿ, ಮೊದಲಿನ ಅಳತೆಯ ಬೋಲ್ಟೇ ಮತ್ತೆ ಕಚ್ಚಿ ನಿಲ್ಲುವಂತೆ ಮಾಡುತ್ತಾರೆ.

ಈ ದುರಸ್ತಿಯನ್ನು ಜೈನ ತತ್ತ್ವದ ಬೆಳಕಿನಲ್ಲಿ ನೋಡಬಹುದು. ಜೈನ ದಾರ್ಶನಿಕ ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವುದೆಲ್ಲವೂ ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ನೆಲೆ ಎಂಬ ಮೂರನ್ನೂ ಏಕಕಾಲಕ್ಕೆ ಒಳಗೊಂಡಿದೆ. ಹಳೆಯ ಥ್ರೆಡ್ ಅಳಿದು ಹೊಸದು ಹುಟ್ಟಿದರೂ ರೈಫಲ್ ರೈಫಲ್ಲಾಗಿಯೇ ಉಳಿಯುವುದರಿಂದ, ದುರಸ್ತಿಗಾರನು ಲೋಹದ ಒಂದು ಪರ್ಯಾಯವನ್ನು, ಎಂದರೆ ಅವಸ್ಥೆಯನ್ನು, ಬದಲಿಸಿದ್ದಷ್ಟೇ ಅಲ್ಲದೆ ಅದರ ಕೊಲ್ಲುವ ಸಾಮರ್ಥ್ಯವನ್ನೂ ಮುಂದುವರಿಸಿದಂತಾಗುತ್ತದೆ; ಆದುದರಿಂದ ಅವನು ಸಂಪೂರ್ಣ ನಿರ್ಲಿಪ್ತನೆಂದು ಹೇಳಲಾಗದು.

ಆದರೆ ಅಷ್ಟರಿಂದಲೇ ಅವನು ದೋಷಿಯಾಗುವುದಿಲ್ಲ. ಅದೇ ಗ್ರಂಥ ಹಿಂಸೆಯನ್ನು ಪ್ರಮಾದದಿಂದ, ಎಂದರೆ ರಾಗದ್ವೇಷ ಮತ್ತು ಎಚ್ಚರಗೇಡಿತನದಿಂದ, ಆಗುವ ಪ್ರಾಣಹಾನಿಯೆಂದು ನಿರೂಪಿಸುತ್ತದೆ. ಹಿಡಿ ಸಡಿಲವಾದ ಬಂದೂಕಿನ ಗುರಿ ತಪ್ಪಿ ಗುಂಡು ಯಾರಿಗೋ ತಗುಲಬಹುದಾದ್ದರಿಂದ, ಆ ಸಡಿಲವನ್ನು ನೋಡಿಯೂ ಬಿಡುವುದೇ ಪ್ರಮಾದ, ನಿಷ್ಠೆಯಿಂದ ಬಿಗಿಗೊಳಿಸುವುದು ಎಚ್ಚರ. ಇತ್ತ ಜೈನಾಚಾರ್ಯ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ, ಗೃಹಸ್ಥನು ತೊರೆಯಬೇಕಾದ ಅನರ್ಥದಂಡಗಳಲ್ಲಿ, ಅಂದರೆ ನಿಷ್ಪ್ರಯೋಜಕ ಪಾಪಕಾರ್ಯಗಳಲ್ಲಿ, ಹಿಂಸಾದಾನವನ್ನೂ ಎಣಿಸಿ, ಕೊಲೆಗೆ ಕಾರಣವಾಗುವ ಸಾಧನಗಳನ್ನು ಪರರಿಗೆ ಕೊಡುವುದನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಕತ್ತಿಯ ಜೊತೆಗೆ ಕೊಡಲಿ, ಗುದ್ದಲಿಗಳೂ ಇರುವುದರಿಂದ, ಎಲ್ಲ ಸಾಧನಗಳಲ್ಲೂ ವಿಚಾರಿಸಬೇಕಾದದ್ದು ಅದು ಯಾರ ಕೈಗೆ, ಯಾವ ಪ್ರಯೋಜನಕ್ಕೆ ಹೋಗುತ್ತದೆಂಬುದನ್ನು.

ಸುಮಾರು 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯ ಗಂಗರ ಸೇನಾಪತಿಯೂ ಆಗಿದ್ದನು. ಆತ್ಮರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನೂ ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನೂ ಬೇರ್ಪಡಿಸಿ, ಎರಡನೆಯದನ್ನು ಗೃಹಸ್ಥನಿಗೆ ಸರ್ವಥಾ ವರ್ಜ್ಯವೆಂದ ಪರಂಪರೆಯಲ್ಲಿ ಆಯುಧ ಹಿಡಿದವನಿಗೂ ಧರ್ಮದಲ್ಲಿ ಸ್ಥಾನವಿತ್ತು, ಆದರೆ ವಿವೇಚನೆಯ ಹೊರೆಯಿಂದ ಬಿಡುಗಡೆ ಇರಲಿಲ್ಲ.

1959ರ ಆಯುಧ ಕಾಯ್ದೆ ಬಂದೂಕು ದುರಸ್ತಿಯ ವೃತ್ತಿಗೂ ಪರವಾನಗಿಯನ್ನು ಕಡ್ಡಾಯಗೊಳಿಸಿದೆ. ಹಾಸನದಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ಸಾಮಾನ್ಯ ಲೇತ್ ಅಂಗಡಿ ಈ ಕೆಲಸವನ್ನು ಒಪ್ಪಿಕೊಳ್ಳುವಂತಿಲ್ಲ. ಕಾನೂನು ಕಾಗದಪತ್ರ ಕೇಳಿದರೆ ಧರ್ಮ ಉದ್ದೇಶವನ್ನು ಕೇಳುತ್ತದೆ. ಪರವಾನಗಿ ಪಡೆದ ದುರಸ್ತಿಗಾರನೂ ಬಂದೂಕು ಯಾರ ಕೈಗೆ, ಏಕೆ ಮರಳುತ್ತದೆಂದು ತಿಳಿದು ಕೆಲಸ ಮಾಡಿದರೆ ಅವನ ಕಸುಬು ನಿರ್ದೋಷ. ತಿಳಿಯಲೊಲ್ಲದೆ ಮಾಡಿದರೆ ಅದು ಹಿಂಸಾದಾನವೇ ಸರಿ.