ಹೆಂಡತಿ ಕಟ್ಟಿದ ಹಣ ಯಾರದು?



ಅಮೆರಿಕದ ಒಹಾಯೋ ರಾಜ್ಯದ ಒಬ್ಬ ನಿವೃತ್ತ ಅಗ್ನಿಶಾಮಕನನ್ನು ಊಹಿಸಿಕೊಳ್ಳಿ. ಅಲ್ಲಿನ ಅಗ್ನಿಶಾಮಕರು ದೇಶದ ಸಾಮಾಜಿಕ ಭದ್ರತಾ ನಿಧಿಗೆ ವಂತಿಗೆ ಕಟ್ಟುವುದಿಲ್ಲ. ಅವರಿಗೆ ಬೇರೆಯೇ ಪಿಂಚಣಿ ನಿಧಿಯಿದೆ. ಇವನ ಹೆಂಡತಿಯಾದರೋ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು, ಪ್ರತಿ ಸಂಬಳದಲ್ಲೂ ಆ ಭದ್ರತಾ ನಿಧಿಗೆ ಪಾಲು ಕಟ್ಟಿದಳು. ಆಕೆ ತೀರಿಕೊಂಡ ಮೇಲೆ ಅವಳ ಲೆಕ್ಕದಿಂದ ಗಂಡನಿಗೆ ತಿಂಗಳಿಗೆ 1,800 ಡಾಲರ್ ಬರಬೇಕೆನ್ನೋಣ. ಆದರೆ 1977ರ ಕಾನೂನಿನಂತೆ, ಅವನ ಪಿಂಚಣಿಯ ಮೂರರಲ್ಲಿ ಎರಡು ಪಾಲನ್ನು ಅದರಿಂದ ಕಳೆಯುತ್ತಿದ್ದರು. ಪಿಂಚಣಿ 3,000 ಇದ್ದರೆ ಕಳೆಯುವುದು 2,000. ಅವನ ಕೈಗೆ ಬರುತ್ತಿದ್ದದ್ದು ಸೊನ್ನೆ.

ಉರಿಯುವ ಮನೆಯೊಳಗೆ ನುಗ್ಗಿದವನಿಗೆ ಇದೇ ಪ್ರತಿಫಲವೇ ಎಂದು ನೀವು ಕೇಳುವಿರಿ. ನಾನೂ ಹಾಗೆಯೇ ಕೇಳಿದೆ. ಮುದುಪ್ರಾಯದ ಪಿಂಚಣಿ ದುಡಿಮೆಗಾರನ ಹಕ್ಕೆಂದು ಜಗದ್ಗುರು ಎರಡನೇ ಜಾನ್ ಪೌಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದ್ದಾರಲ್ಲವೇ?

ಆದರೆ ಪಕ್ಕದ ಮನೆಯ ಕಾರ್ಖಾನೆ ಕಾರ್ಮಿಕನನ್ನೂ ನೋಡಿ. ಅವನೂ ವಿಧುರ. ಜೀವಮಾನವಿಡೀ ಭದ್ರತಾ ನಿಧಿಗೆ ಕಟ್ಟಿದವನು. ಅವನ ಸ್ವಂತ ಲೆಕ್ಕದಲ್ಲಿ 2,000, ಹೆಂಡತಿಯ ಲೆಕ್ಕದಲ್ಲಿ 1,800. ಎರಡೂ ಸೇರಿ ಸಿಗುವುದಿಲ್ಲ. ದೊಡ್ಡದು ಯಾವುದೋ ಅಷ್ಟೇ. ಅಂದಮೇಲೆ ಹಳೆಯ ಕಾನೂನು ದರೋಡೆಯಾಗಿರಲಿಲ್ಲ. ಇಬ್ಬರು ನೆರೆಯವರನ್ನು ಒಂದೇ ಅಳತೆಯಲ್ಲಿ ತೂಗಲು ಹೊರಟ ಒರಟು ತಕ್ಕಡಿಯಾಗಿತ್ತು.

ಬೇರೆ ಕೆಲಸವನ್ನೂ ಮಾಡಿ ಭದ್ರತಾ ನಿಧಿಗೆ ಕೆಲವು ವರ್ಷ ಕಟ್ಟಿದ ಅಗ್ನಿಶಾಮಕರ ಸ್ವಂತ ಪಾಲನ್ನು 1983ರ ಇನ್ನೊಂದು ಕಾನೂನು ಕಡಿತಗೊಳಿಸಿತ್ತು. 2025ರ ಜನವರಿ 5ರಂದು ಅಧ್ಯಕ್ಷ ಬೈಡನ್ ಸಹಿಯೊಂದಿಗೆ ಎರಡೂ ರದ್ದಾದವು. ಈಗ ಅಗ್ನಿಶಾಮಕನಿಗೆ 4,800, ಕಾರ್ಮಿಕನಿಗೆ ಅದೇ 2,000.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ನಿಮಗೆ ನೆನಪಾಗಬಹುದು. ಕಡೆಯ ಗಳಿಗೆಯಲ್ಲಿ ಬಂದವನಿಗೂ ಪೂರ್ತಿ ಕೂಲಿ! ಆದರೆ ಆ ಯಜಮಾನ ಉದಾರಿಯಾದದ್ದು ತನ್ನ ಸ್ವಂತ ಹಣದಲ್ಲಿ. ಇದು ಎಲ್ಲರ ಹಣ. ಈ ರದ್ದತಿಗೆ ಹತ್ತು ವರ್ಷಗಳಲ್ಲಿ ತಗಲುವ ವೆಚ್ಚ ಸುಮಾರು 19,600 ಕೋಟಿ ಡಾಲರ್ ಎಂದು ಅಲ್ಲಿನ ಸಂಸತ್ತಿನ ಆಯವ್ಯಯ ಕಚೇರಿ ಅಂದಾಜು ಮಾಡಿತ್ತು. ಹಂಚಿಕೆಯ ನ್ಯಾಯವನ್ನು ಸಂತ ಥಾಮಸ್ ಅಕ್ವಿನಾಸರು ವಿನಿಮಯದ ನ್ಯಾಯದಿಂದ ಬೇರೆ ಮಾಡಿ ತೋರಿಸಿದ್ದು ಇಂಥ ಸಂದರ್ಭಕ್ಕೇ ಬೇಕಾಗುತ್ತದೆ. ಕಾನೂನನ್ನು ಕಿತ್ತೆಸೆಯುವ ಬದಲು, ಕಟ್ಟಿದ ವರ್ಷಗಳಿಗೆ ತಕ್ಕಂತೆ ತಿದ್ದಬಹುದಿತ್ತು ಎಂಬುದು ನನ್ನ ಎಣಿಕೆ.

ಅಗ್ನಿಶಾಮಕನ ಸಂತೋಷಕ್ಕೆ ನಾನು ಅಡ್ಡಬರಲಾರೆ. ಆದರೆ ಆ ಕಾರ್ಮಿಕ ಬಂದು, “ಫಾದರ್, ನನ್ನ ಹೆಂಡತಿಯೂ ಕಟ್ಟಿದ್ದಳಲ್ಲ?” ಎಂದು ಕೇಳಿದರೆ ನಾನೇನು ಹೇಳಲಿ?