ಅಜ್ಜಿಯ ಎಡಗಣ್ಣು

ಚಿತ್ರ ಬರೆಯುವವನು ಕಂಡದ್ದನ್ನು ಬರೆಯಬೇಕೋ, ಅರಿತದ್ದನ್ನೋ? ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಹೇಳಿಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಕಳೆದ ಭಾನುವಾರ ಅದು ನಮ್ಮ ನಡುಮನೆಗೇ ಬಂದು ಕುಳಿತುಬಿಟ್ಟಿತು. ಮನೆಯವರೊಬ್ಬರ ಚಿತ್ರವನ್ನು ಪ್ರಾಚೀನ ಈಜಿಪ್ಟಿನ ಶೈಲಿಯಲ್ಲಿ ಬರೆದು ತರಬೇಕೆಂದು ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳು ಅಜ್ಜಿಯನ್ನು ಆರಿಸಿಕೊಂಡಳು.

ಈಜಿಪ್ಟಿನ ಚಿತ್ರಕಾರರ ಪದ್ಧತಿ ನಮ್ಮ ಕಣ್ಣಿಗೆ ವಿಚಿತ್ರ. ಮುಖ ಪಕ್ಕದಿಂದ, ಅದರೊಳಗಿನ ಕಣ್ಣು ಎದುರಿನಿಂದ. ಹೆಗಲು ಎದುರಿನಿಂದ, ಕಾಲು ಮತ್ತೆ ಪಕ್ಕದಿಂದ. ಗೋಡೆಯ ಮೇಲೆ ಕೆಂಪು ಗೆರೆಗಳ ಚೌಕಗಳನ್ನು ಹಾಕಿಕೊಂಡು, ನಿಂತವರಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಮನೆ, ಕುಳಿತವರಿಗೆ 14 ಎಂದು ಲೆಕ್ಕ. ಅವರಿಗೆ ಬರೆಯಲು ಬರುತ್ತಿರಲಿಲ್ಲವೆಂದಲ್ಲ. ಒಂದು ಗಳಿಗೆಯಲ್ಲಿ ಒಂದು ಕಡೆಯಿಂದ ಕಂಡ ಮನುಷ್ಯ ಅವರಿಗೆ ಸಾಲದು. ಸತ್ತ ಮೇಲೂ ಉಳಿಯಬೇಕಾದ, ಯಾವ ಅಂಗವೂ ಕುಂದದ ಮನುಷ್ಯ ಬೇಕಾಗಿತ್ತು. ಚಿತ್ರದ ಕಣ್ಣು ಅವರ ಪಾಲಿಗೆ ಬರಿಯ ಬಣ್ಣವಲ್ಲ. ಥೀಬ್ಸ್‌ನಲ್ಲಿ ಹೊಲಗದ್ದೆಗಳ ಲೆಕ್ಕ ನೋಡುತ್ತಿದ್ದ ಮೆನ್ನಾ ಎಂಬ ಅಧಿಕಾರಿಯ ಗೋರಿಯಿದೆ, ಸುಮಾರು 3400 ವರ್ಷ ಹಿಂದಿನದು. ಅವನಿಗಾಗದವರು ಯಾರೋ ಗೋಡೆಯ ಮೇಲಿನ ಅವನ ಕಣ್ಣುಗಳನ್ನು ಕೆತ್ತಿಹಾಕಿದ್ದಾರೆ. ಪರಲೋಕದಲ್ಲಿ ಕುರುಡನಾಗಲಿ ಎಂದೇ ಇರಬೇಕು.

ನನ್ನ ತಾಯಿಯ ಎಡಗಣ್ಣಿಗೆ ಹೂ ಬಿದ್ದಿದೆ. ಮಗಳು ಆ ಮಗ್ಗುಲನ್ನೇ ಬರೆಯಹೊರಟಾಗ ತಡೆದೆ. "ಈಜಿಪ್ಟಿನವರ ಚಿತ್ರದಲ್ಲಿ ಮುಖ ಹೆಚ್ಚಾಗಿ ಬಲಕ್ಕೆ ತಿರುಗಿರುತ್ತದಮ್ಮ, ಬಲಗಣ್ಣು ಕಂಡರೆ ಸಾಕು" ಎಂದು ಶಾಸ್ತ್ರ ಹೇಳಿದೆ. ಶಾಸ್ತ್ರ ಸುಳ್ಳಲ್ಲ, ಅದನ್ನು ಎತ್ತಿದ ಕಾರಣ ಮಾತ್ರ ಬೇರೆ. ಐದು ವರ್ಷದ ಹಿಂದೆ ತೆಂಗಿನ ಗರಿ ತಗುಲಿ ತಾಯಿಯ ಕಣ್ಣಿಗೆ ಗಾಯವಾದಾಗ, ಉತ್ತರಪತ್ರಿಕೆಗಳ ಕಂತೆ ಮುಗಿಯಲೆಂದು ನಾಲ್ಕು ದಿನ ತಡಮಾಡಿದೆ. ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಅದು ಹುಣ್ಣಾಗಿತ್ತು. ತಾಯಿ ಅದನ್ನು ಒಂದು ದಿನವೂ ಎತ್ತಿ ಆಡಿಲ್ಲ.

"ಊಟಕ್ಕೆ ನಾನು ಕೂರೋದು ಅಜ್ಜಿಯ ಈ ಕಡೆ ಅಪ್ಪಾ. ನನಗೆ ಗೊತ್ತಿರೋ ಮುಖ ಇದೇ" ಎಂದಳು ಮಗಳು.

ಅರಿತದ್ದನ್ನು ಬರೆಯುವುದೇ ಈ ಕಲೆಯ ಜೀವವೆಂದು ಅವಳಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದವನು ನಾನೇ! ಉತ್ತರ ತೋಚದೆ ಪುಸ್ತಕ ತಿರುವಿದೆ. ನಖ್ತ್ ಎಂಬವನ ಗೋರಿಯ ಚಿತ್ರ ಸಿಕ್ಕಿತು. ಅದರಲ್ಲಿ ಕಾಲು ಮಡಿಸಿ ಕುಳಿತು ಹಾರ್ಪ್ ನುಡಿಸುವ ಕುರುಡನೊಬ್ಬನಿದ್ದಾನೆ. ಹೊಟ್ಟೆಯ ಮೇಲೆ ಮಡಿಕೆಗಳು. ಕಣ್ಣಿರಬೇಕಾದಲ್ಲಿ ಸಣ್ಣದೊಂದು ಗೆರೆ. ಯಜಮಾನ ನಖ್ತ್‌ನ ಕಣ್ಣಿಗೆ ಮಾತ್ರ ಯಾವ ಕುಂದೂ ಇಲ್ಲ. ಊಳಿಗದವನ ಊನವನ್ನು ಬರೆಯಬಹುದು, ಒಡೆಯನದನ್ನು ಬರೆಯಕೂಡದು! ಆದರೂ ಹೇಳುತ್ತೇನೆ, ಆ ಗೋಡೆಯಲ್ಲಿ ನನಗೆ ಪರಿಚಯದವನಂತೆ ಕಂಡವನು ಕುರುಡನೊಬ್ಬನೇ. ಆ ಚಿತ್ರಕಾರನಿಗಾದರೋ ಒಡೆಯನ ಅಂಜಿಕೆಯಿತ್ತು. ನಾನು ಕಾಪಾಡಹೊರಟದ್ದು ತಾಯಿಯ ರೂಪವನ್ನೋ, ನನ್ನ ಮಾನವನ್ನೋ?

"ಯಾವ ಕಣ್ಣಾದರೂ ಬರಿಯೇ ಪುಟ್ಟಿ, ಮೂಗು ಮಾತ್ರ ನೆಟ್ಟಗಿರಲಿ" ಎಂದರು ತಾಯಿ, ಅವರೆಕಾಳು ಬಿಡಿಸುತ್ತ.

ಮಗಳು ಎಡಮಗ್ಗುಲನ್ನೇ ಬರೆದಳು. ಈಜಿಪ್ಟಿನ ಹೆಂಗಸರಿಗೆ ಬಳಿಯುವಂತೆ ಮೈಗೆಲ್ಲ ತಿಳಿಹಳದಿ. ಕಣ್ಣಿನ ಸುತ್ತ ದಪ್ಪನೆಯ ಕಪ್ಪು ಗೆರೆ. ಕಣ್ಣಿನೊಳಗೆ ಬಣ್ಣವನ್ನೇ ಹಾಕದೆ ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟಳು. ಚಿತ್ರ ಈಗ ಶಾಲೆಯಲ್ಲಿದೆ. ಅದು ಮರಳಿ ಬಂದ ಮೇಲೆ ಎಲ್ಲಿ ತೂಗುಹಾಕುತ್ತೀಯೆಂದು ತಾಯಿ ಎರಡು ಸಲ ಕೇಳಿದರು. ನಾನಿನ್ನೂ ಹೇಳಿಲ್ಲ.