ಈಜುವ ಅಣುವಿಗೆ ಇಚ್ಛೆಯುಂಟೆ?

ಬಾದಾಮಿಯ ನಾಲ್ಕನೆಯ ಗುಹೆ ಜೈನರದು. ಅಲ್ಲಿಯ ಬಾಹುಬಲಿಯ ಮೈಗೆ ಬಳ್ಳಿ ಹಬ್ಬಿದೆ; ಕೆಳಗೆ ಅಗಸ್ತ್ಯತೀರ್ಥದ ನೀರು. ಅದರ ಒಂದು ಹನಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳೆಷ್ಟೋ! ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುವ ಜೈನಾಚಾರವು ಅವನ್ನು ಯಾರೂ ಕಾಣುವ ಮುನ್ನವೇ ಹುಟ್ಟಿತು. ಡಚ್ಚರ ಲೇವನ್‌ಹುಕನು ಬ್ಯಾಕ್ಟೀರಿಯಗಳನ್ನು ಮಸೂರದಡಿಯಲ್ಲಿ ಕಂಡದ್ದು 1676ರಲ್ಲಿ. ಅರಿವೆಯ ಕಣ್ಣಿಗೆ ಅವು ಸಿಕ್ಕುವವೂ ಅಲ್ಲ.

ಇಂದಿನ ಪ್ರಯೋಗಶಾಲೆಗಳಲ್ಲಿ ಪಾರದರ್ಶಕವಾದ ರಬ್ಬರಿನಲ್ಲಿ ಕೂದಲೆಳೆಗಿಂತ ಕಿರಿದಾದ ಕಾಲುವೆಗಳನ್ನು ಅಚ್ಚೊತ್ತಿ, ಅವುಗಳಲ್ಲಿ ಈ ಜೀವಿಗಳನ್ನು ಬಿಟ್ಟು ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ಮನುಷ್ಯನ ಕರುಳಿನಲ್ಲಿ ವಾಸಿಸುವ ಈ. ಕೋಲಿಯ ಉದ್ದ ಮಿಲಿಮೀಟರಿನ ಐನೂರರಲ್ಲೊಂದು ಪಾಲು. ಮೈಯಿಂದ ಹೊರಟ ಎಳೆಗಳನ್ನು ಸೆಕೆಂದಿಗೆ ನೂರು ಸುತ್ತಿನಷ್ಟು ತಿರುಗಿಸಿ ಅದು ಈಜುತ್ತದೆ. ಎಳೆಗಳು ನಿಂತರೆ ಅದೂ ಅಲ್ಲಿಯೇ ನಿಂತಿತು. ಅಷ್ಟು ಸಣ್ಣ ಮೈಗೆ ನೀರು ಕಾಕಂಬಿಯಂತೆ ಗಟ್ಟಿ. ಇಳಕಲ್ಲಿನ ಮಗ್ಗದ ಲಾಳಿಯು ಎಸೆದ ಭರದಿಂದಲೇ ಹಾಯ್ದು ಹೋಗುತ್ತದೆ. ಇದಕ್ಕೆ ಅಂಥ ಭರವೇ ಇಲ್ಲ.

ಕಾಲುವೆಯ ಒಂದು ಮಗ್ಗುಲಿಗೆ ಆಹಾರವನ್ನು ಬಿಟ್ಟರೆ ಜೀವಿಗಳು ಅತ್ತ ಕೂಡುತ್ತವೆ. ನೋಡುವವನು ಒಡನೆಯೇ ‘ಬಯಸಿ ಬಂದವು’ ಎನ್ನುತ್ತಾನೆ. 1972ರಲ್ಲಿ ಬರ್ಗ್ ಮತ್ತು ಬ್ರೌನ್ ಎಂಬವರು ಒಂದೊಂದನ್ನೇ ಬೆನ್ನಟ್ಟಿ ನೋಡಿದಾಗ ಕಂಡದ್ದು ಬೇರೆ. ಜೀವಿಯು ಸುಮಾರು ಒಂದು ಸೆಕೆಂದು ನೆಟ್ಟಗೆ ಓಡಿ, ಕ್ಷಣಕಾಲ ಹೊರಳಿ, ಸಿಕ್ಕ ದಿಕ್ಕಿಗೆ ಮತ್ತೆ ಓಡುತ್ತದೆ. ದಿಕ್ಕನ್ನು ಅದು ಆರಿಸಲಾರದು. ಕೆಲವು ಸೆಕೆಂದುಗಳ ಹಿಂದಿಗಿಂತ ಈಗ ಆಹಾರ ಹೆಚ್ಚಿದ್ದರೆ ಹೊರಳುವುದನ್ನು ತುಸು ಮುಂದೂಡುತ್ತದೆ, ಅಷ್ಟೇ. ಜೆಲ್ಲಿಯ ನೆಲವುಳ್ಳ ಕಾಲುವೆಗಳಲ್ಲಿ ಅವು ಬಲಮಗ್ಗುಲು ಹಿಡಿದು ಈಜುವವೆಂದು 2005ರಲ್ಲಿ ಪ್ರಕಟವಾಯಿತು. ಅದು ದಾರಿಹೋಕನ ಸಭ್ಯತೆಯಲ್ಲ. ಎಳೆಗಳು ಒಂದು ಕಡೆಗೆ, ಮೈ ಇನ್ನೊಂದು ಕಡೆಗೆ ತಿರುಗುವುದರ ಫಲ.

ಹಾಗಾದರೆ ಬರಿಯ ಯಂತ್ರವೆ? ಹಿಂದಿನದನ್ನು ಇಂದಿನದಕ್ಕೆ ಹೋಲಿಸುವುದು ಕಲ್ಲಿಗೆ ಬರದು. ಆದರೆ ಹೋಲಿಕೆಯೇ ಬಯಕೆಯಲ್ಲ. ಈ ತೊಡಕಿನಲ್ಲಿ ಜೈನಶಾಸ್ತ್ರದ ಎಚ್ಚರ ಮೆಚ್ಚತಕ್ಕದ್ದು. ಗಾಳಿಯು ಚಲಿಸಿದರೂ ದಿಗಂಬರಾಚಾರ್ಯರು ವಾಯುಕಾಯ ಜೀವಗಳನ್ನು ತ್ರಸಗಳಲ್ಲಿ ಸೇರಿಸದೆ ಸ್ಥಾವರಗಳಲ್ಲಿಯೇ ಎಣಿಸಿದರು. ಚಲನೆಯೊಂದರಿಂದಲೇ ಜೀವದ ಅಂತಸ್ತನ್ನು ಅಳೆಯಲಿಲ್ಲ. ಹಾಗೆಂದು ಸ್ಥಾವರಗಳಿಗೆ ಜೀವವಿಲ್ಲವೆಂದೂ ಹೇಳಲಿಲ್ಲ. ಗೃಹಸ್ಥನಿಗೆ ಅವುಗಳ ಹಿಂಸೆ ಅನಿವಾರ್ಯ. ನಿಷ್ಕಾರಣವಾದ ಹಿಂಸೆ ಸಲ್ಲದು. ಇಚ್ಛೆಯುಂಟೆ ಎಂಬುದು ಒಂದು ಪ್ರಶ್ನೆ, ಕೊಲ್ಲಬಹುದೆ ಎಂಬುದು ಇನ್ನೊಂದು. ಮೊದಲನೆಯದು ತೀರುವವರೆಗೆ ಎರಡನೆಯದು ಕಾಯಲಿಲ್ಲ.

ಕಾಲರಾದ ಕ್ರಿಮಿಯೂ ಈಜುತ್ತದೆ. ಹುನಗುಂದದ ತಾಯಿಯೊಬ್ಬಳು ಮಗುವಿಗಾಗಿ ನೀರು ಕಾಯಿಸಿದರೆ ಅವಳನ್ನು ಆಕ್ಷೇಪಿಸುವವರಾರು? ಸಂದೇಹ ಅವಳ ಬಗೆಗಲ್ಲ. ನೋಟ ಮುಗಿದೊಡನೆ, ಇನ್ನೂ ಈಜು ನಡೆದಿರುವ ಕಾಲುವೆಗೆ ವಿಷ ಹಾಯಿಸಿ ತೊಳೆಯುವವನ ಬಗೆಗೆ. ಅವನು ನೋಡಿದ್ದು ಯಾವುದಕ್ಕಾಗಿ ಎಂಬುದರ ಬಗೆಗೆ.